ನ್ಯೂಟ್ರಲ್‌ಗೆ ತಂದರೆ ಎಂಜಿನ್ ನಿಲ್ಲುತ್ತದೆ: ದೋಷ ಗೇರಿನದೋ, ಕೇಬಲ್ಲಿನದೋ?

ಪ್ರಶ್ನೆ: ನನ್ನದು ಸೆಕೆಂಡ್‌ಹ್ಯಾಂಡ್ ಬೋಟು. 4.3 ಲೀಟರಿನ ವಿ6 ಪೆಟ್ರೋಲ್ ಎಂಜಿನ್, ಕಾರ್ಬ್ಯುರೇಟರ್ ಇರುವಂಥದ್ದು. ಹಿಂದೆ ಮರ್ಕ್ರೂಸರ್ ಆಲ್ಫಾ ಒನ್ ಸ್ಟರ್ನ್‌ಡ್ರೈವ್ (ಬೋಟಿನ ಹಿಂಬದಿಯ ಹೊರಗೆ ಕೂರುವ, ಗೇರೂ ಪ್ರೊಪೆಲರೂ ಇರುವ ಘಟಕ). ಕಳೆದ ವರ್ಷದಿಂದ ಫಾರ್ವರ್ಡ್‌ನಿಂದ ನ್ಯೂಟ್ರಲ್‌ಗೆ ತರುವಾಗ ಲಿವರ್ ಗಟ್ಟಿಯಾಗಿ ಬರುತ್ತದೆ, ಮೂರು ಸಲಕ್ಕೆ ಒಂದು ಸಲ ಎಂಜಿನ್ನೇ ನಿಂತುಬಿಡುತ್ತದೆ. ರಿವರ್ಸ್ ಎರಡನೇ ಪ್ರಯತ್ನಕ್ಕೆ ಬೀಳುತ್ತಿತ್ತು. ಮೆಕ್ಯಾನಿಕ್ ಒಬ್ಬರು ಕೇಬಲ್ಲಿನ ಹಿತ್ತಾಳೆ ಬ್ಯಾರಲನ್ನು (ಕೇಬಲ್ಲಿನ ಅಳತೆ ಹೊಂದಿಸುವ ಥ್ರೆಡ್ ಇರುವ ತುಂಡು) ನಾಲ್ಕು ಸುತ್ತು ತಿರುಗಿಸಿಕೊಟ್ಟರು. ರಿವರ್ಸ್ ಸರಿಹೋಯಿತು. ಆದರೆ ಈಗ ವೇಗ ಹೆಚ್ಚಿಸಿದಾಗ ಫಾರ್ವರ್ಡ್ ಗೇರು 'ಕಟ್' ಎಂದು ಸದ್ದು ಮಾಡಿ ಜಾರುತ್ತಿದೆ, ಎಂಜಿನ್ ನಿಲ್ಲುವುದು ಮಾತ್ರ ಹಾಗೇ ಇದೆ. ಒಬ್ಬರು "ಕಟ್‌ಔಟ್ ಸ್ವಿಚ್ಚಿನ ವೈರ್ ಕಿತ್ತುಹಾಕಿ, ಸರಿಹೋಗುತ್ತದೆ" ಎನ್ನುತ್ತಾರೆ. ಇನ್ನೊಬ್ಬರು "ಕ್ಲಚ್ ಹೋಗಿದೆ, ಗೇರ್‌ಕೇಸ್ ಬಿಚ್ಚಬೇಕು" ಎನ್ನುತ್ತಾರೆ. ಅಡ್ಜಸ್ಟ್‌ಮೆಂಟ್ ಇನ್ನಷ್ಟು ಮಾಡಿದರೆ ಸಾಲದೇ? ಎರಡೂ ಕೇಬಲ್ ಬದಲಿಸಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಬಹಳ ಉಪಯೋಗಕ್ಕೆ ಬಂದ ಮಾತು ಒಂದೇ: ಬ್ಯಾರಲ್ ತಿರುಗಿಸಿದ ಮೇಲೆ ರಿವರ್ಸ್ ಸರಿಹೋಯಿತು, ಫಾರ್ವರ್ಡ್ ಕೆಟ್ಟಿತು, ಎಂಜಿನ್ ನಿಲ್ಲುವುದು ಇದ್ದ ಹಾಗೇ ಉಳಿಯಿತು. ರೋಗದ ಮುಕ್ಕಾಲು ಪಾಲು ಇದರಲ್ಲೇ ಗೊತ್ತಾಗುತ್ತದೆ. ಆದರೆ ಮೊದಲು ಒಂದು ವಿನಂತಿ. ಗೇರು ಜಾರುತ್ತಿರುವ ಬೋಟನ್ನು ಸದ್ಯಕ್ಕೆ ಓಡಿಸಬೇಡಿ. ಒಂದೊಂದು ಸಲ 'ಕಟ್' ಎಂದಾಗಲೂ ಕ್ಲಚ್ಚಿನ ಹಲ್ಲಿನ ಅಂಚು ಅಷ್ಟಷ್ಟು ಸವೆಯುತ್ತದೆ. ಇವತ್ತು ಕೇಬಲ್ಲಿನ ಖರ್ಚಿನಲ್ಲಿ ಮುಗಿಯುವ ಕೆಲಸ ಆಮೇಲೆ ನಿಜವಾಗಿಯೂ ಗೇರ್‌ಕೇಸ್ ಬಿಚ್ಚುವಲ್ಲಿಗೆ ಹೋಗಿ ನಿಲ್ಲುತ್ತದೆ.

ಲಿವರಿನಿಂದ ಗೇರಿನವರೆಗೆ ಇರುವುದು ಒಂದೇ ಕೇಬಲ್ ಎಂದು ಹಲವರು ತಿಳಿದಿರುತ್ತಾರೆ. ಎರಡಿವೆ. ಚಾಲಕನ ಪಕ್ಕದ ಕಂಟ್ರೋಲ್ ಬಾಕ್ಸಿನಿಂದ ಎಂಜಿನ್ ಮೇಲಿನ ಶಿಫ್ಟ್ ಪ್ಲೇಟಿನವರೆಗೆ ಒಂದು. ಇದು ರಿಮೋಟ್ ಕೇಬಲ್. ಶಿಫ್ಟ್ ಪ್ಲೇಟಿನಿಂದ ಟ್ರಾನ್ಸಮ್ (ಬೋಟಿನ ಹಿಂಗೋಡೆ) ದಾಟಿ, ಡ್ರೈವ್ ಕೂರುವ ಬೆಲ್ ಹೌಸಿಂಗ್ ಮೂಲಕ ಡ್ರೈವ್‌ಗೆ ಹೋಗುವುದು ಇನ್ನೊಂದು; ಇದು ಕೆಳಗಿನ ಕೇಬಲ್. ಎರಡೂ ಸೇರುವ ಜಾಗ ಶಿಫ್ಟ್ ಪ್ಲೇಟು, ನಿಮ್ಮ ಕಟ್‌ಔಟ್ ಸ್ವಿಚ್ ಇರುವುದೂ ಅಲ್ಲೇ.

ಆ ಸ್ವಿಚ್ಚಿನ ಕೆಲಸ ತಿಳಿಯದೆ ಮುಂದೆ ಹೋಗುವಂತಿಲ್ಲ. ಆಲ್ಫಾ ಒನ್‌ನಲ್ಲಿ ಇರುವುದು ಡಾಗ್ ಕ್ಲಚ್. ಅಂದರೆ ಹಲ್ಲಿಗೆ ಹಲ್ಲು ಕಚ್ಚಿಕೊಂಡು ಬಲ ದಾಟಿಸುವ ವ್ಯವಸ್ಥೆ, ಕಾರಿನ ಕ್ಲಚ್ಚಿನಂತೆ ಜಾರಿ ಕೂಡುವುದಲ್ಲ. ಎಂಜಿನ್ ತಳ್ಳುತ್ತಿರುವವರೆಗೂ ಆ ಹಲ್ಲುಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಬರೀ ಕೈಬಲದಿಂದ ಎಳೆದರೆ ಬಿಡುವುದು ಕಷ್ಟ. ಆಗ ಎಳೆತಕ್ಕೆ ಎದುರಾದ ತಡೆ ಶಿಫ್ಟ್ ಪ್ಲೇಟಿನ ಲಿವರನ್ನು ತುಸು ವಾಲಿಸುತ್ತದೆ. ಆ ಲಿವರಿನಲ್ಲಿ 'ವಿ' ಆಕಾರದ ಒಂದು ಕಚ್ಚು ಇದೆ. ಅದರಲ್ಲಿ ಸ್ಪ್ರಿಂಗ್ ಒತ್ತಿದ ಸಣ್ಣ ರೋಲರ್ ಕೂತಿರುತ್ತದೆ. ಲಿವರ್ ವಾಲಿದಾಗ ರೋಲರ್ ಕಚ್ಚಿನ ಇಳಿಜಾರು ಹತ್ತುತ್ತದೆ, ಸ್ವಿಚ್ ಒತ್ತಲ್ಪಡುತ್ತದೆ, ಇಗ್ನಿಷನ್ ಕಣ್ಣು ಮಿಟುಕಿಸುವಷ್ಟು ಹೊತ್ತು ಕಡಿದುಹೋಗುತ್ತದೆ. ಎಂಜಿನ್ ಒತ್ತಡ ಬಿಟ್ಟ ಆ ಗಳಿಗೆಯಲ್ಲಿ ಹಲ್ಲುಗಳು ಸಡಿಲಗೊಂಡು ಬಿಡಿಸಿಕೊಳ್ಳುತ್ತವೆ, ತಡೆ ಮಾಯವಾಗುತ್ತದೆ, ರೋಲರ್ ಮತ್ತೆ ಕಚ್ಚಿನ ತಳಕ್ಕೆ ಇಳಿಯುತ್ತದೆ, ಕಿಡಿ ಮರಳುತ್ತದೆ. ಎಲ್ಲ ಸರಿಯಿದ್ದರೆ ಎಂಜಿನ್ ಒಮ್ಮೆ ಬಿಕ್ಕಿದಂತೆ ಕೇಳಿಸುತ್ತದೆ, ಅಷ್ಟೇ.

ಈಗ ಕೆಳಗಿನ ಕೇಬಲ್ಲೇ ಒಳಗೆ ತುಕ್ಕು ಹಿಡಿದು ಬಿಗಿಯಾಗಿದೆ ಎಂದುಕೊಳ್ಳಿ. ತಡೆ ಹಲ್ಲಿನಿಂದ ಬಂತೋ ಕೇಬಲ್ಲಿನಿಂದ ಬಂತೋ ಎಂಬುದು ಸ್ವಿಚ್ಚಿಗೆ ತಿಳಿಯುವುದಿಲ್ಲ. ಹಲ್ಲು ಬಿಟ್ಟ ಮೇಲೂ ಲಿವರ್ ವಾಲಿಯೇ ಇರುತ್ತದೆ, ಕಿಡಿ ಬರುವುದೇ ಇಲ್ಲ, ಎಂಜಿನ್ ನಿಲ್ಲುತ್ತದೆ. ಆದ್ದರಿಂದ ವೈರ್ ಕಿತ್ತುಹಾಕಿ ಎಂದವರ ಮಾತು ಅರ್ಧ ನಿಜ: ಕಿತ್ತರೆ ಎಂಜಿನ್ ನಿಲ್ಲುವುದಿಲ್ಲ. ಆದರೆ ಆಮೇಲೆ ಪ್ರತಿ ಸಲವೂ ಭಾರ ಹೊತ್ತಿರುವ ಹಲ್ಲುಗಳನ್ನು ನೀವು ಕಿತ್ತೇ ಬಿಡಿಸುತ್ತಿರುತ್ತೀರಿ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಜೆಟ್ಟಿಗೆ ಬರುವಾಗ ಗೇರು ಬಿಡದೆ ಬೋಟು ಮುಂದಕ್ಕೇ ನುಗ್ಗಬಹುದು. ಪರೀಕ್ಷೆಗೆಂದು ಒಮ್ಮೆ ಕಳಚಿ ನೋಡುವುದು ಬೇರೆ. ಬೋಟನ್ನು ಹಿಂದೆ ಮುಂದೆ ಗಟ್ಟಿಯಾಗಿ ಕಟ್ಟಿ, ಐಡಲ್‌ನಲ್ಲೇ, ಸ್ವಿಚ್ಚಿನ ಕನೆಕ್ಟರ್ ಬಿಡಿಸಿ ಗೇರು ಹಾಕಿ ತೆಗೆಯಿರಿ. ಎಂಜಿನ್ ನಿಲ್ಲದಿದ್ದರೆ ದೋಷ ಇಂಧನದ್ದಲ್ಲ, ಸ್ವಿಚ್ ಒತ್ತಿಕೊಂಡೇ ಇರುವುದರದ್ದು ಎಂದು ಖಚಿತ. ನೋಡಿದ ತಕ್ಷಣ ಮತ್ತೆ ಸಿಕ್ಕಿಸಿ.

ಕಿವಿಯಿಂದಲೂ ವ್ಯತ್ಯಾಸ ಹಿಡಿಯಬಹುದು. ಸ್ವಿಚ್ಚಿನಿಂದ ನಿಲ್ಲುವ ಎಂಜಿನ್ ಕೀ ತಿರುಗಿಸಿ ಆಫ್ ಮಾಡಿದಂತೆ ಥಟ್ಟನೆ ನಿಲ್ಲುತ್ತದೆ. ಐಡಲ್ ಕಡಿಮೆಯಾಗಿ ಅಥವಾ ಕಾರ್ಬ್ಯುರೇಟರ್ ಕೊಳೆಯಾಗಿ ನಿಲ್ಲುವುದಾದರೆ ಮೊದಲು ನಡುಗುತ್ತದೆ, ತಡವರಿಸುತ್ತದೆ, ಆಮೇಲೆ ಸಾಯುತ್ತದೆ; ಮತ್ತು ಅದು ಸಾಮಾನ್ಯವಾಗಿ ಗೇರು ಹಾಕುವಾಗ, ತೆಗೆಯುವಾಗ ಅಲ್ಲ.

ಇನ್ನು ಬ್ಯಾರಲ್ ವಿಷಯ. ಬ್ಯಾರಲ್ ತಿರುಗಿಸಿದರೆ ಕೇಬಲ್ಲಿನ ಚಲನೆ ಹೆಚ್ಚುವುದಿಲ್ಲ, ಚಲನೆಯ ನಡುಬಿಂದು ಅತ್ತಲೋ ಇತ್ತಲೋ ಸರಿಯುತ್ತದೆ, ಅಷ್ಟೇ. ಗಿಡ್ಡ ಕಂಬಳಿಯನ್ನು ತಲೆಗೆ ಎಳೆದರೆ ಕಾಲು ಹೊರಗೆ. ನಿಮ್ಮ ಮೆಕ್ಯಾನಿಕ್ ರಿವರ್ಸ್‌ಗೆ ಕೊಟ್ಟ ನಾಲ್ಕು ಸುತ್ತನ್ನು ಫಾರ್ವರ್ಡ್‌ನಿಂದ ತೆಗೆದು ಕೊಟ್ಟಿದ್ದಾರೆ. ಈಗ ಫಾರ್ವರ್ಡ್ ಹಲ್ಲುಗಳು ಪೂರ್ತಿ ಆಳಕ್ಕೆ ಕಚ್ಚದೆ ತುದಿಯಲ್ಲಿ ನಿಂತಿವೆ. ಥ್ರಾಟಲ್ ಏರಿಸಿದಾಗ ಜಾರುವುದು ಅದಕ್ಕೇ. ಎರಡೂ ಕಡೆಗೆ ಸಾಲದಷ್ಟು ಚಲನೆ ಇದೆ ಎಂದರೆ ಎಲ್ಲೋ ಅದು ಸೋರಿಹೋಗುತ್ತಿದೆ. ಕೇಬಲ್ ಒಳಗಿನ ತಂತಿ ಸವೆದಿರಬೇಕು, ಕಂಟ್ರೋಲ್ ಬಾಕ್ಸಿನ ಪಿನ್ ಸಡಿಲವಿರಬೇಕು, ಇಲ್ಲವೇ ಬಿಗಿಯಾದ ಕೇಬಲ್ ಎಳೆಯುವ ಬದಲು ಬಿಲ್ಲಿನಂತೆ ಬಾಗುತ್ತಿರಬೇಕು. ಬಿಗಿತಕ್ಕೂ ಸೋರಿಕೆಗೂ ಅಡ್ಜಸ್ಟ್‌ಮೆಂಟ್ ಮದ್ದಲ್ಲ. ಮೊದಲು ತಡೆ ಎಲ್ಲಿದೆ ಎಂದು ಹುಡುಕಿ. ಅಡ್ಜಸ್ಟ್‌ಮೆಂಟ್ ಕೊನೆಯ ಕೆಲಸ.

ಹುಡುಕುವುದು ಕಷ್ಟವಲ್ಲ, ಇಬ್ಬರು ಬೇಕು. ಬೋಟು ಟ್ರೈಲರ್ ಮೇಲಿರಲಿ, ಕೀ ನಿಮ್ಮ ಜೇಬಿನಲ್ಲಿರಲಿ, ಬ್ಯಾಟರಿ ಸ್ವಿಚ್ ಆಫ್ ಆಗಿರಲಿ; ಪ್ರೊಪೆಲರಿಗೆ ಕೈ ಹಾಕುವ ಕೆಲಸವಿದು. ಶಿಫ್ಟ್ ಪ್ಲೇಟಿನ ಫೋಟೋ ತೆಗೆದುಕೊಳ್ಳಿ, ವಾಷರುಗಳು ಯಾವ ಕ್ರಮದಲ್ಲಿವೆ ಎಂದು ಕಾಣುವ ಹಾಗೆ. ಬ್ಯಾರಲಿನ ಆಚೆ ಎಷ್ಟು ಥ್ರೆಡ್ ಕಾಣುತ್ತಿವೆ ಎಂದು ಎಣಿಸಿ ಬರೆದಿಡಿ. ಈಗ ಕಾಟರ್ ಪಿನ್ ಮತ್ತು ನಟ್ ತೆಗೆದು, ರಿಮೋಟ್ ಕೇಬಲ್ಲಿನ ತುದಿಯನ್ನೂ ಬ್ಯಾರಲನ್ನೂ ಪ್ಲೇಟಿನಿಂದ ಎತ್ತಿ ಪಕ್ಕಕ್ಕಿಡಿ. ಇಡೀ ಸರಪಳಿ ಈಗ ಎರಡು ತುಂಡಾಯಿತು.

ಒಬ್ಬರು ಚಾಲಕನ ಲಿವರ್ ಆಡಿಸಲಿ, ಇನ್ನೊಬ್ಬರು ಬಿಡಿಸಿದ ತುದಿಯನ್ನು ನೋಡಲಿ. ತುದಿ ಲಿವರಿನ ಜೊತೆಜೊತೆಗೇ, ಒಂದೇ ಸಮನೆ ಸರಿಯಬೇಕು. ಸಾಮಾನ್ಯ 33ಸಿ ಬಗೆಯ ಕೇಬಲ್ಲಿಗೆ ಸುಮಾರು 75 ಮಿ.ಮೀ. ಪೂರ್ಣ ಚಲನೆ ಇರುತ್ತದೆ. ಲಿವರ್ ಇನ್ನೂ ಬಿಗಿಯಾಗಿಯೇ ಇದ್ದರೆ ತಡೆ ಈ ಭಾಗದಲ್ಲಿದೆ. ಕೇಬಲ್ ಸಾಗಿದ ದಾರಿ ಹುಡುಕಿ: ಸೀಟಿನ ಕೆಳಗೋ ಮೂಲೆಯಲ್ಲೋ 200 ಮಿ.ಮೀ.ಗಿಂತ ಚಿಕ್ಕ ತ್ರಿಜ್ಯದಲ್ಲಿ ಬಾಗಿದೆಯೇ, ಯಾರೋ ಜಿಪ್ ಟೈ ಹಾಕಿ ಬಿಗಿದಿದ್ದಾರೆಯೇ? ಬಾಗು ಹೆಚ್ಚಿದಷ್ಟೂ ತಿಕ್ಕಾಟ ಹೆಚ್ಚು. ಕೆಲವೊಮ್ಮೆ ಒಂದು ಜಿಪ್ ಟೈ ಕತ್ತರಿಸಿದ್ದಕ್ಕೇ ಅರ್ಧ ಕಾಯಿಲೆ ಹೋಗಿಬಿಡುತ್ತದೆ. ಬಾಕ್ಸಿನ ತುದಿಯಲ್ಲೂ ಕೇಬಲ್ ಕಳಚಿ ಲಿವರ್ ಮಾತ್ರ ಆಡಿಸಿದರೆ ದೋಷ ಬಾಕ್ಸಿನದೋ ಕೇಬಲ್ಲಿನದೋ ಅದೂ ಗೊತ್ತಾಗುತ್ತದೆ.

ಇನ್ನೊಂದು ಭಾಗಕ್ಕೆ ಬನ್ನಿ. ಶಿಫ್ಟ್ ಪ್ಲೇಟಿನ ಲಿವರನ್ನು ಕೈಯಿಂದ ಮೆಲ್ಲಗೆ ಆಡಿಸಿ. ಜೊತೆಗಾರರು ಪ್ರೊಪೆಲರನ್ನು ನಿಧಾನವಾಗಿ ತಿರುಗಿಸುತ್ತಿರಲಿ. ಪ್ರೊಪೆಲರ್ ತಿರುಗಿಸದೆ ಬಲವಂತವಾಗಿ ಗೇರಿಗೆ ಒತ್ತಬೇಡಿ. ಹಲ್ಲಿನ ಮೇಲೆ ಹಲ್ಲು ಕೂತಿದ್ದರೆ ಯಾವ ಒತ್ತಡಕ್ಕೂ ಅದು ಬೀಳುವುದಿಲ್ಲ, ಕೇಬಲ್ ತುದಿ ಬಾಗುತ್ತದೆ. ನ್ಯೂಟ್ರಲ್‌ನಲ್ಲಿ ಪ್ರೊಪೆಲರ್ ಎರಡೂ ಕಡೆ ಸಲೀಸಾಗಿ ತಿರುಗಬೇಕು. ಫಾರ್ವರ್ಡ್‌ನಲ್ಲಿ ಹಿಂದೆ ನಿಂತು ಎಡಸುತ್ತು ತಿರುಗಿಸಿದರೆ ಗಟ್ಟಿಯಾಗಿ ನಿಲ್ಲಬೇಕು. ಬಲಸುತ್ತಿಗೆ ಕಟಕಟ ಎಂದು ಜಾರಿದರೆ ಹೆದರಬೇಡಿ, ಆ ಕಡೆಗೆ ಹಲ್ಲು ಇರುವುದೇ ಹಾಗೆ. ಈಗ ಗಮನವಿಟ್ಟು ನೋಡಬೇಕಾದದ್ದು ನ್ಯೂಟ್ರಲ್ಲಿನ ಆಸುಪಾಸಿನ ಚಲನೆ. ಅಲ್ಲಿ ಯಾವ ಹಲ್ಲೂ ಕಚ್ಚಿರುವುದಿಲ್ಲ, ಹಾಗಾಗಿ ಲಿವರ್ ಬೆರಳಿಗೆ ಹಗುರವಾಗಿ ಸಿಗಬೇಕು. ಅಲ್ಲೂ ಮರಳಿನಲ್ಲಿ ಎಳೆದಂತೆ ಕರಕರ ಎಂದರೆ, ಅಥವಾ ಒತ್ತಿದಾಗ ಮೊದಲು ಏನೂ ಆಗದೆ ಆಮೇಲೆ ಒಮ್ಮೆಲೇ ನೆಗೆದರೆ, ಕೆಳಗಿನ ಕೇಬಲ್ ಕೆಟ್ಟಿದೆ ಎಂದೇ ತಿಳಿಯಿರಿ. ಇದೇ ಹೊತ್ತಿನಲ್ಲಿ ರೋಲರನ್ನೂ ನೋಡಿ. ಕೈ ಬಿಟ್ಟ ಮೇಲೂ ಅದು ಕಚ್ಚಿನ ತಳಕ್ಕೆ ಇಳಿಯದೆ ಇಳಿಜಾರಿನಲ್ಲೇ ಕೂತಿದ್ದರೆ, ಎಂಜಿನ್ ಯಾಕೆ ನಿಲ್ಲುತ್ತಿತ್ತು ಎಂಬುದು ನಿಮ್ಮ ಕಣ್ಣೆದುರಿಗೇ ಇದೆ.

ನೀವು ಬರೆದ ಲಕ್ಷಣಗಳನ್ನು ನೋಡಿದರೆ ನನ್ನ ಅನುಮಾನ ಈ ಕೆಳಗಿನ ಕೇಬಲ್ಲಿನ ಮೇಲೇ. ಅದು ಕೆಡಲು ಕಾರಣ ಹೆಚ್ಚಾಗಿ ನೀರು. ಟ್ರಾನ್ಸಮ್‌ನ ಹೊರಗೆ ಅದಕ್ಕೊಂದು ಚಿಕ್ಕ ರಬ್ಬರ್ ಬೆಲ್ಲೋಸ್ (ಮಡಿಕೆಮಡಿಕೆಯ ಕವಚ) ಇದೆ. ಎಂಜಿನ್ನಿನ ಬಲವನ್ನು ಡ್ರೈವಿಗೆ ದಾಟಿಸುವ ಯೂ-ಜಾಯಿಂಟಿನ ದೊಡ್ಡ ಬೆಲ್ಲೋಸ್ ಕಡೆಗೇ ಎಲ್ಲರ ಗಮನ, ಇದನ್ನು ಕೇಳುವವರಿಲ್ಲ. ಅದು ಬಿರಿದರೆ ನೀರು ಕೇಬಲ್ ಒಳಗೆ ಸೇರಿ ತಂತಿ ತುಕ್ಕು ಹಿಡಿಯುತ್ತದೆ. ಹಿಮ ಬೀಳುವ ಕಡೆ ಆ ನೀರೇ ಹೆಪ್ಪುಗಟ್ಟಿ ಗೇರನ್ನು ಹಿಡಿದುಬಿಡುವುದೂ ಇದೆ. ಬೋಟಿನ ಒಳಗಿನ ಭಾಗದಲ್ಲಿ ಇನ್ನೊಂದು ಅಪಾಯ: ಕೇಬಲ್ ಎಂಜಿನ್ನಿನ ಹಿಂದೆ ತಿರುಗುವ ಕಪ್ಲರಿಗೋ ಬಿಸಿ ಎಗ್ಸಾಸ್ಟ್‌ಗೋ ತಾಗಿ ಹೊರಕವಚ ತೂತಾಗುವುದು. ಈ ಕೇಬಲ್ ಹಾದುಹೋಗುವುದು ನೀರಿನ ಮಟ್ಟದ ಕೆಳಗೆ. ಬೆಲ್ಲೋಸ್ ಹರಿದು ಕವಚವೂ ತೂತಾದರೆ ಗೇರಿನ ತೊಂದರೆ ಸಣ್ಣ ಮಾತು, ಬೋಟಿಗೇ ನೀರು ಬರುತ್ತದೆ. ಬಿಲ್ಜಿನಲ್ಲಿ, ಅಂದರೆ ಬೋಟಿನ ಒಳತಳದಲ್ಲಿ, ಕಾರಣ ತಿಳಿಯದೆ ನೀರು ನಿಲ್ಲುತ್ತಿದ್ದರೆ ಈ ಕೇಬಲ್ಲನ್ನೂ ಒಮ್ಮೆ ತಡವಿ ನೋಡಿ.

ಕೇಬಲ್ಲಿಗೆ ಎಣ್ಣೆ ಬಿಟ್ಟರೆ ಸಡಿಲವಾಗುತ್ತದೆ ಎಂದು ಹೇಳುವವರು ಸಿಗುತ್ತಾರೆ. ಒಳಗೆ ಪ್ಲಾಸ್ಟಿಕ್ ಪದರವಿರುವ ಮುಚ್ಚಿದ ಕೇಬಲ್ ಅದು. ತುಕ್ಕು ಬಿಡಿಸುವ ಸ್ಪ್ರೇ ಬಿಟ್ಟರೆ ಎರಡು ದಿನ ಹಗುರವೆನಿಸಬಹುದು, ಆದರೆ ದ್ರಾವಕ ಆ ಪದರವನ್ನು ಉಬ್ಬಿಸಿ ಮೊದಲಿಗಿಂತ ಬಿಗಿ ಮಾಡುವ ಸಂಭವವೇ ಹೆಚ್ಚು. ಹೊರಗೆ ಕಾಣುವ ಲೋಹದ ಸರಳಿಗೆ ಮತ್ತು ಪಿವಟ್‌ಗಳಿಗೆ ಮರೀನ್ ಗ್ರೀಸ್ ಸವರಿ, ಸಾಕು. ಹಾಗೆಯೇ, ಗೇರು ಮೆಲ್ಲಗೆ ಹಾಕಿದರೆ ಬಾಳಿಕೆ ಬರುತ್ತದೆ ಎಂಬ ನಂಬಿಕೆಯೂ ತಪ್ಪು. ಡಾಗ್ ಕ್ಲಚ್ಚಿಗೆ ನಿಧಾನವೇ ಶತ್ರು: ಹಲ್ಲುಗಳು ಅರೆಬರೆ ತಾಗಿ ಕಟಕಟಿಸುತ್ತಾ ಅಂಚು ಕಳೆದುಕೊಳ್ಳುತ್ತವೆ. ಎಂಜಿನ್ ಐಡಲ್‌ಗೆ ಇಳಿದಿರಲಿ, ಆಮೇಲೆ ಹಿಂಜರಿಯದೆ ಒಂದೇ ಏಟಿಗೆ ಹಾಕಿ. ಗೇರಿನಲ್ಲಿದ್ದಾಗ ಐಡಲ್ 650 ಆರ್‌ಪಿಎಂ ಆಸುಪಾಸಿನಲ್ಲಿರಬೇಕು. ಎಂಜಿನ್ ನಿಲ್ಲುತ್ತದೆ ಎಂದು ಯಾರಾದರೂ ಅದನ್ನು 900ಕ್ಕೆ ಏರಿಸಿಟ್ಟಿದ್ದರೆ ಮೊದಲು ಇಳಿಸಿ. ಗೇರು ಬೀಳುವಾಗಿನ ಬಡಿತ ಅಲ್ಲಿಂದಲೇ ಬರುತ್ತಿರಬಹುದು.

ಈಗ ನಿಮ್ಮ ಮುಂದಿರುವ ದಾರಿಗಳು. ರಿಮೋಟ್ ಕೇಬಲ್ ಮಾತ್ರ ಕೆಟ್ಟಿದ್ದರೆ ಸುಲಭ. ಹಳೆಯದರ ಕವಚದ ಮೇಲೆ ಅಚ್ಚಾದ ಉದ್ದವನ್ನೂ ನಮೂನೆಯನ್ನೂ ನೋಡಿ ಅದೇ ತರಿಸಿ, ಹಳೆಯ ದಾರಿಯಲ್ಲೇ ಎಳೆಯಿರಿ. ಸ್ವಲ್ಪ ಉದ್ದವಾದರೆ ಸುರುಳಿ ಸುತ್ತಿಡಬಹುದಲ್ಲ ಎಂದು ಅಂದುಕೊಳ್ಳಬೇಡಿ. ಆ ಸುರುಳಿಯೇ ಹೊಸ ತಡೆಯಾಗುತ್ತದೆ.

ಕೆಳಗಿನ ಕೇಬಲ್ ಬದಲಿಸಲು ಡ್ರೈವ್ ಇಳಿಸಲೇಬೇಕು. ಆಲ್ಫಾ ಡ್ರೈವನ್ನು ಇಳಿಸುವಾಗಲೂ ಏರಿಸುವಾಗಲೂ ಫಾರ್ವರ್ಡ್ ಗೇರಿನಲ್ಲೇ ಇರಬೇಕು. ನ್ಯೂಟ್ರಲ್‌ನಲ್ಲಿ ಎಳೆದರೆ ಬೆಲ್ ಹೌಸಿಂಗ್ ಒಳಗಿನ ಶಿಫ್ಟ್ ಲಿಂಕೇಜ್ ಸಿಕ್ಕಿಕೊಂಡು ಮುರಿಯಬಹುದು. ಡ್ರೈವ್ ಇಳಿದ ಕೂಡಲೇ ಮೂರನೇ ಪರೀಕ್ಷೆಗೂ ಅವಕಾಶ ಸಿಗುತ್ತದೆ: ಕೇಬಲ್ ಈಗ ಡ್ರೈವಿನಿಂದ ಬೇರೆ. ಅದು ಇನ್ನೂ ಬಿಗಿ ಇದ್ದರೆ ಅಪರಾಧಿ ಸಿಕ್ಕಂತೆಯೇ. ಅದು ಹಗುರವಾಗಿದ್ದು ಡ್ರೈವಿನ ಶಿಫ್ಟ್ ಶಾಫ್ಟ್ ತಿರುಗಿಸಲು ಬಿಗಿಯಾಗಿದ್ದರೆ ಆಗ ಗೇರ್‌ಕೇಸಿನ ಮಾತು ಆಡೋಣ.

ಬದಲಿಸುವ ಕೆಲಸದಲ್ಲಿ ಎಡವುವ ಜಾಗ ಮೂರು. ಬೆಲ್ ಹೌಸಿಂಗಿಗೆ ಕೇಬಲ್ಲನ್ನು ಹಿಡಿದಿರುವ ಥ್ರೆಡ್ ಫಿಟ್ಟಿಂಗಿಗೆ ನಡುವೆ ಪೊಳ್ಳಾದ ವಿಶೇಷ ಸಾಕೆಟ್ ಬೇಕು; ಪೈಪ್ ರೆಂಚ್ ಹಾಕಿದರೆ ಅಂಚು ಹೋಗುತ್ತದೆ. ಅದರ ಥ್ರೆಡ್‌ಗೆ ಸೀಲೆಂಟ್ ಹಚ್ಚದಿದ್ದರೆ ನೀರು ಒಳಬರುತ್ತದೆ. ಮತ್ತು ಒಳತಂತಿಯನ್ನು ಎಂಜಿನ್ ಕಡೆ ಹಿಡಿಯುವ ಹಿತ್ತಾಳೆ ಆ್ಯಂಕರಿನ ಸ್ಕ್ರೂಗಳು. ಇವು ಸಡಿಲವಾದರೆ ತಂತಿ ಜಾರಿ, ಮಾಡಿದ ಅಳತೆಯೆಲ್ಲ ವ್ಯರ್ಥ. ಎಷ್ಟು ಅಡ್ಜಸ್ಟ್ ಮಾಡಿದರೂ ವಾರಕ್ಕೊಮ್ಮೆ ಗೇರು ಕೆಡುತ್ತಿದ್ದರೆ ಮೊದಲು ಇವನ್ನು ನೋಡಬೇಕು. ಡ್ರೈವ್ ಹೇಗೂ ಕೆಳಗಿರುವಾಗ ಎರಡೂ ಬೆಲ್ಲೋಸ್ ಹೊಸದು ಹಾಕಿ, ಡ್ರೈವಿನ ಶಾಫ್ಟ್ ಹಾದುಹೋಗುವ ಗಿಂಬಲ್ ಬೇರಿಂಗನ್ನು ಬೆರಳಿನಿಂದ ತಿರುಗಿಸಿ ಒರಟಿದೆಯೇ ನೋಡಿ, ಎಂಜಿನ್ ಅಲೈನ್‌ಮೆಂಟ್ (ಎಂಜಿನ್ ಡ್ರೈವಿನ ನೇರಕ್ಕೇ ಕೂತಿದೆಯೇ ಎಂಬುದು) ಪರೀಕ್ಷಿಸಿ. ಅಲೈನ್‌ಮೆಂಟ್ ಬಾರ್ ಇಲ್ಲದವರು ಈ ಕೆಲಸವನ್ನು ವರ್ಕ್‌ಶಾಪಿಗೆ ಕೊಡುವುದೇ ಒಳ್ಳೆಯದು.

ಕೇಬಲ್ ಹೊಸದಾದ ಮೇಲೆ ಅಡ್ಜಸ್ಟ್‌ಮೆಂಟ್. ಮೊದಲು ಕೆಳಗಿನದು, ಆಮೇಲೆ ರಿಮೋಟ್. ಈ ಕ್ರಮ ತಿರುಗಿಸಬೇಡಿ. ಆಲ್ಫಾಗೆ ಸಿಗುವ ಅಡ್ಜಸ್ಟ್‌ಮೆಂಟ್ ಟೂಲ್ ಹಿಡಿದಿಡುವ ಅಳತೆ 6 ಇಂಚು, ಅಂದರೆ ಬ್ಯಾರಲಿನ ನಡುವಿನಿಂದ ಕೇಬಲ್ ತುದಿಯ ಕಣ್ಣಿನ ನಡುವಿಗೆ 152 ಮಿ.ಮೀ. ಅಳೆಯುವಾಗ ಡ್ರೈವ್ ಯಾವ ಗೇರಿನಲ್ಲಿರಬೇಕು ಎಂಬುದನ್ನು ನಿಮ್ಮ ಸೀರಿಯಲ್ ನಂಬರಿನ ಸರ್ವಿಸ್ ಮ್ಯಾನುವಲ್ ನೋಡಿಯೇ ಹಿಡಿಯಿರಿ.

ರಿಮೋಟ್ ಕೇಬಲ್ಲಿಗೆ ಒಂದು ಸೂಕ್ಷ್ಮವಿದೆ. ಹೊಸ ಕೇಬಲ್ಲಿನಲ್ಲೂ ತುಸು ಆಟ ಇದ್ದೇ ಇರುತ್ತದೆ. ಚಾಲಕನ ಲಿವರ್ ನ್ಯೂಟ್ರಲ್‌ನಲ್ಲಿರಲಿ. ಬಿಡಿಸಿದ ತುದಿಯನ್ನು ಆಟ ಮುಗಿಯುವವರೆಗೆ ಒಳಗೆ ಒತ್ತಿ, ಸರಳಿನ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಹೊರಗೆಳೆದು ಇನ್ನೊಂದು ಗೆರೆ. ಎರಡರ ನಟ್ಟನಡುವೆ ಮೂರನೆಯದು. ತುದಿಯನ್ನು ಆ ನಡುಗೆರೆಗೆ ನಿಲ್ಲಿಸಿ, ಡ್ರೈವ್ ನಿಜವಾಗಿ ನ್ಯೂಟ್ರಲ್‌ನಲ್ಲಿದೆ ಎಂದು ಪ್ರೊಪೆಲರ್ ತಿರುಗಿಸಿ ಖಾತ್ರಿಮಾಡಿಕೊಂಡು, ಬ್ಯಾರಲ್ ತನ್ನ ಜಾಗಕ್ಕೆ ಒತ್ತಾಯವಿಲ್ಲದೆ ಇಳಿಯುವವರೆಗೆ ತಿರುಗಿಸಿ. ಬೆರಳಿನಿಂದ ಒತ್ತಿ ಕೂರಿಸಬೇಕಾಗಿ ಬಂದರೆ ಅಳತೆ ಇನ್ನೂ ಸರಿಯಿಲ್ಲ. ಈ ನಡುಗೆರೆಯ ಗೊಡವೆಯೇ ಬೇಡ ಎಂದು ಬಿಟ್ಟವರಿಗೇ ಒಂದು ಗೇರು ಚೆನ್ನಾಗಿ, ಇನ್ನೊಂದು ಕೆಟ್ಟು ಬರುವುದು. ನಟ್ಟುಗಳನ್ನು ತಳಮುಟ್ಟುವವರೆಗೆ ಬಿಗಿದು ಅರ್ಧ ಸುತ್ತು ಸಡಿಲಿಸಿ. ಬ್ಯಾರಲೂ ತುದಿಯೂ ತಿರುಗಾಡುತ್ತಿರಬೇಕು, ಬಿಗಿದು ಕಟ್ಟಿದರೆ ಅದೇ ಮತ್ತೆ ತಡೆ. ಹಳೆಯ ಕಾಟರ್ ಪಿನ್ ನೆಟ್ಟಗೆ ಮಾಡಿ ಹಾಕಬೇಡಿ, ಹೊಸದು ಹಾಕಿ.

ನೀರು ಕೊಡದೆ ನೆಲದ ಮೇಲೆ ಎಂಜಿನ್ ಓಡಿಸಬೇಡಿ. ಪಂಪಿನ ರಬ್ಬರ್ ಇಂಪೆಲ್ಲರ್ ಕೆಲವೇ ಕ್ಷಣಗಳಲ್ಲಿ ಸುಡುತ್ತದೆ. ಡ್ರೈವಿಗೆ ಮಫ್ (ನೀರು ಹೀರುವ ಕಿಂಡಿಗಳ ಮೇಲೆ ಕೂರಿಸಿ ಪೈಪು ಸಿಕ್ಕಿಸುವ ರಬ್ಬರ್ ಬಟ್ಟಲು) ಹಾಕಿ ನೀರು ಬಿಟ್ಟು ಪರೀಕ್ಷಿಸಿದರೂ ಅದು ಅರ್ಧ ಪರೀಕ್ಷೆಯೇ, ಪ್ರೊಪೆಲರಿಗೆ ಅಲ್ಲಿ ಭಾರವಿರುವುದಿಲ್ಲ. ಕೊನೆಗೆ ನೀರಿಗೆ ಇಳಿಸಿ, ಜೆಟ್ಟಿಗೆ ಕಟ್ಟಿ, ಐಡಲ್‌ನಲ್ಲಿ ಹತ್ತು ಸಲವಾದರೂ ಎರಡೂ ಗೇರು ಹಾಕಿ ತೆಗೆಯಿರಿ. ಗೇರು ಬಿಡುವಾಗ ಒಂದು ಬಿಕ್ಕು ಕೇಳಿದರೆ ಸರಿ. ಗೇರು ಹಾಕುವಾಗಲೂ ಬಿಕ್ಕಿದರೆ ಎಲ್ಲೋ ಇನ್ನೂ ಬಿಗಿತವಿದೆ. ಕೆಳಗಿನ ಕೇಬಲ್ ಬದಲಿಸಿದ್ದರೆ ದೂರ ಹೋಗುವ ಮೊದಲು ಒಂದು ಗಂಟೆ ಅಲ್ಲೇ ನಿಲ್ಲಿಸಿ ಬಿಲ್ಜ್ ಒಣಗಿದೆಯೇ ನೋಡಿ.

ಇಲ್ಲಿ ಹೇಳಿದ ಅಳತೆಗಳು ಆಲ್ಫಾ ಒನ್‌ನವು. ಮರ್ಕ್ರೂಸರ್‌ನದೇ ಇನ್ನೊಂದು ಸ್ಟರ್ನ್‌ಡ್ರೈವ್ ಆದ ಬ್ರಾವೋದಲ್ಲಿರುವುದು ಕೋನ್ ಕ್ಲಚ್, ಅದೂ ಮೇಲಿನ ಗೇರ್ ಹೌಸಿಂಗಿನಲ್ಲಿ. ಅಲ್ಲಿ ಎಂಜಿನ್ ನಿಂತರೆ ಈ ಕಟ್‌ಔಟ್ ಸ್ವಿಚ್ಚಿನ ಲೆಕ್ಕ ಹೊಂದುವುದಿಲ್ಲ, ಹುಡುಕಾಟ ಬೇರೆ ಕಡೆಯಿಂದ ಶುರುವಾಗಬೇಕು.

ಇನ್ನು ಗೇರ್‌ಕೇಸ್ ಬಿಚ್ಚಿ ಎಂದವರ ಮಾತು. ಅವರು ಹೇಳಿದ್ದು ಸುಳ್ಳೇ ಎನ್ನಲಾರೆ. ನಾಲ್ಕು ಸುತ್ತು ತಿರುಗಿಸಿದ ಮೇಲೆ ಎಷ್ಟು ದಿನ, ಎಷ್ಟು ವೇಗದಲ್ಲಿ ಓಡಿಸಿದಿರಿ ಎಂಬುದರ ಮೇಲೆ ನಿಂತಿದೆ ಅದು. ಬಿಚ್ಚದೆಯೇ ತಿಳಿಯಲು ಒಂದು ಉಪಾಯವಿದೆ. ಡ್ರೈವಿನ ಕೆಳಗಿನ ಡ್ರೈನ್ ಸ್ಕ್ರೂ ತೆಗೆದು ಗೇರ್ ಆಯಿಲ್ ಇಳಿಸಿ. ಆ ಸ್ಕ್ರೂವಿನ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದಕ್ಕೆ ಬೂದಿಯಂಥ ನುಣ್ಣನೆಯ ಪೇಸ್ಟ್ ಅಂಟಿದ್ದರೆ ಅದು ಮಾಮೂಲಿ ಸವೆತ, ಕೇಬಲ್ ಕೆಲಸ ಮುಗಿಸಿ ಬೋಟು ಓಡಿಸಿ. ಬೆರಳಿಗೆ ಚುಚ್ಚುವ ಲೋಹದ ಚೂರುಗಳು ಸಿಕ್ಕರೆ ಹಲ್ಲು ಒಡೆದಿದೆ; ಎರಡು ಕೇಬಲ್ ಹೊಸದು ಹಾಕಿದರೂ ಫಾರ್ವರ್ಡ್ ಜಾರುತ್ತಲೇ ಇರುತ್ತದೆ, ಬಿಚ್ಚಲೇಬೇಕು. ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಸೀಲ್ ದಾಟಿ ನೀರು ಸೇರಿದೆ ಎಂದರ್ಥ, ಆಗ ಡ್ರೈವ್ ಇಳಿಸಿದ್ದಾಗಲೇ ಅದನ್ನೂ ಮಾಡಿಸಿ. ಹದಿನೈದು ನಿಮಿಷದ ಈ ಪರೀಕ್ಷೆಯನ್ನು ಕೇಬಲ್ ತರಿಸುವ ಮೊದಲೇ ಮಾಡಿ.